ಚಿಕ್ಕಮಗಳೂರಿನ ಸ್ಪಿನ್ ಕ್ಲಾಸ್: ಪಾಠಕ್ಕೆ ಒಳ್ಳೆಯ ಅಂಕ, ಸೀಟಿಗೆ ಕಡಿಮೆ ಅಂಕ

ಚಿಕ್ಕಮಗಳೂರಿನವರಿಗೆ ಸೈಕಲ್ ತುಳಿಯಲು ರಸ್ತೆಗೆ ಬರವಿಲ್ಲ. ಕೈಮರದ ಚೆಕ್‌ಪೋಸ್ಟ್ ದಾಟಿ ಮುಳ್ಳಯ್ಯನಗಿರಿ ಕಡೆಗೆ ತಿರುಗಿದರೆ ತೊಡೆಗೆ ಬೇಕಾದಷ್ಟು ಏರು ಸಿಗುತ್ತದೆ. ಆದರೆ ಜೂನ್ ಬಂತೆಂದರೆ ಆ ರಸ್ತೆಯ ಮೇಲೆ ಮಂಜು, ತಿರುವಿನಲ್ಲಿ ಪಾಚಿ, ಎದುರಿಗೆ ಪ್ರವಾಸಿಗರ ಕಾರು. ಸೆಪ್ಟೆಂಬರ್‌ವರೆಗೆ ಸೈಕಲ್ ಹೊರತೆಗೆಯಲು ಧೈರ್ಯ ಬೇಕು, ತೆಗೆದರೆ ತೊಳೆಯಲು ತಾಳ್ಮೆ ಬೇಕು. ಆ ನಾಲ್ಕು ತಿಂಗಳಿಗೆ ಜಿಮ್‌ನೊಳಗಿನ ಇಂಡೋರ್ ಸೈಕ್ಲಿಂಗ್, ಅಂದರೆ ನಿಂತಲ್ಲೇ ನಿಂತ ಸೈಕಲ್ ತುಳಿಯುವ ಸ್ಪಿನ್ ಕ್ಲಾಸ್, ಒಳ್ಳೆಯ ದಾರಿ.

ಈ ವಿಮರ್ಶೆ ಊರಿನ ಒಂದು ಜಿಮ್‌ನಲ್ಲಿ ಹೊಸಬರಿಗೆಂದು ನಡೆಸುವ 45 ನಿಮಿಷದ ಕ್ಲಾಸಿನದು. ಹೆಸರು ಹೇಳುತ್ತಿಲ್ಲ, ಹೇಳಿ ಉಪಯೋಗವೂ ಇಲ್ಲ. ಟ್ರೈನರ್‌ಗಳು ಆರು ತಿಂಗಳಿಗೊಮ್ಮೆ ಬದಲಾಗುತ್ತಾರೆ, ಬೋರ್ಡು ಬೇರೆಯಾದರೂ ಒಳಗಿನ ಸೈಕಲ್ಲು ಮತ್ತು ಒಳಗೆ ಆಗುವ ತಪ್ಪು ಹೆಚ್ಚುಕಡಿಮೆ ಒಂದೇ. ತೀರ್ಪು ಮೊದಲೇ ಬೇಕೆನ್ನುವವರಿಗೆ: ಪಾಠ ಚೆನ್ನಾಗಿದೆ, ಸೈಕಲ್ ಪರವಾಗಿಲ್ಲ, ಸೀಟು ಹೊಂದಿಸಿಕೊಡುವ ಕೆಲಸ ಕಳಪೆ. ಹೊಸಬರಿಗೆ ಮೂರನೆಯದೇ ಮುಖ್ಯ. ಹಾಗಾಗಿ 20 ನಿಮಿಷ ಮುಂಚೆ ಹೋಗಿ, ಆ ಕೆಲಸವನ್ನು ನೀವೇ ಮಾಡಿಕೊಳ್ಳಿ. ಹೇಗೆಂಬುದು ಮುಂದಿದೆ.

ಹಾಲ್‌ನಲ್ಲಿ 12 ಸೈಕಲ್. ಎಂಟು ಹಳೆಯವು, ಫ್ರಿಕ್ಷನ್ ಬಗೆಯವು. ನಾಬ್ ತಿರುಗಿಸಿದರೆ ಉಣ್ಣೆಯ ಫೆಲ್ಟ್ ಪ್ಯಾಡ್ ಒಂದು ಫ್ಲೈವೀಲ್‌ಗೆ, ಅಂದರೆ ಸೈಕಲ್‌ನ ಭಾರದ ಚಕ್ರಕ್ಕೆ, ಒತ್ತಿಕೊಳ್ಳುತ್ತದೆ, ತುಳಿತ ಭಾರವಾಗುತ್ತದೆ. ಉಳಿದ ನಾಲ್ಕು ಮ್ಯಾಗ್ನೆಟಿಕ್. ಅದರಲ್ಲಿ ಅಯಸ್ಕಾಂತ ಚಕ್ರಕ್ಕೆ ತಾಗುವುದೇ ಇಲ್ಲ. ಹತ್ತಿರ ಸರಿದಷ್ಟೂ ತಿರುಗುವ ಲೋಹದೊಳಗೆ ಸುಳಿ ವಿದ್ಯುತ್ತು ಹುಟ್ಟಿ ಚಕ್ರವನ್ನು ತಡೆಯುತ್ತದೆ. ಸದ್ದಿಲ್ಲ, ಸವೆತವಿಲ್ಲ, ಲೋಡಿಗೆ, ಅಂದರೆ ತುಳಿತದ ಭಾರಕ್ಕೆ, ಅಂಕೆಯೂ ಇರುತ್ತದೆ. ಖಾಲಿ ಇದ್ದರೆ ಹೊಸಬರು ಇದನ್ನೇ ಹಿಡಿಯಬೇಕು. ಫ್ರಿಕ್ಷನ್ ಸೈಕಲ್‌ನ ಪ್ಯಾಡ್ ಒಣಗಿದರೆ ಕಿರ್ರೆನ್ನುತ್ತದೆ, ಚಕ್ರ ತಡೆತಡೆದು ತಿರುಗುತ್ತದೆ, ಜೋರಾಗಿ ತುಳಿದಾಗ ಸುಟ್ಟ ಉಣ್ಣೆಯ ವಾಸನೆ ಬರುತ್ತದೆ. ಪ್ಯಾಡ್‌ಗೆ ಸಿಲಿಕೋನ್ ಸ್ಪ್ರೇ ಹೊಡೆದರೆ ಸರಿಹೋಗುವ ಕೆಲಸ ಅದು. ಈ ಜಿಮ್‌ನ ಎಂಟರಲ್ಲಿ ಎರಡು ಕಿರುಚುತ್ತವೆ. ಇನ್ನೊಂದು ಮಾತು: ಪ್ರತಿ ಪ್ಯಾಡ್‌ನ ಸವೆತ ಬೇರೆ ಬೇರೆ. ‘ಪಕ್ಕದವರು ನಾಬ್ ಎರಡು ಸುತ್ತು ತಿರುಗಿಸಿದರು, ನಾನೂ ಎರಡು ಸುತ್ತು’ ಎಂಬ ಲೆಕ್ಕ ನಡೆಯುವುದಿಲ್ಲ.

ಬೋರ್ಡಿನಲ್ಲಿ ‘ಸ್ಪಿನ್’ ಎಂದಿದ್ದರೂ ‘ಸ್ಪಿನ್ನಿಂಗ್’ ಎನ್ನುವುದು ಅಮೆರಿಕದ ಮ್ಯಾಡ್ ಡಾಗ್ ಅಥ್ಲೆಟಿಕ್ಸ್ ಕಂಪನಿಯ ಟ್ರೇಡ್‌ಮಾರ್ಕ್. ದಕ್ಷಿಣ ಆಫ್ರಿಕಾ ಮೂಲದ ಸೈಕಲ್ ಸವಾರ ಜಾನಿ ಗೋಲ್ಡ್‌ಬರ್ಗ್ ಈ ಬಗೆಯ ಕ್ಲಾಸನ್ನು ರೂಪಿಸಿದವರು. 1990ರ ದಶಕದಲ್ಲಿ ಶ್ವಿನ್ ಕಂಪನಿ ಅವರ ಸೈಕಲನ್ನು ಮಾರುಕಟ್ಟೆಗೆ ತಂದಿತು. ನಮ್ಮೂರಿನ ಹಾಲ್‌ಗಳಲ್ಲಿ ನಿಂತಿರುವುದೆಲ್ಲ ಅದರ ದಾಯಾದಿಗಳೇ. ಈ ವಂಶಕ್ಕೆಲ್ಲ ಇರುವ ಒಂದು ಗುಣ ಹೊಸಬರಿಗೆ ಮೊದಲು ಗೊತ್ತಿರಬೇಕು: ಹೆಚ್ಚಿನವುಗಳಲ್ಲಿ ಫ್ರೀವೀಲ್ ಇಲ್ಲ. ರಸ್ತೆಯ ಸೈಕಲ್‌ನಲ್ಲಿ ಇಳಿಜಾರು ಬಂದರೆ ಕಾಲು ನಿಲ್ಲಿಸಿ ಹಾಯಾಗಿ ಕೂರಬಹುದು. ಇಲ್ಲಿ ಹಾಗಿಲ್ಲ. ಚಕ್ರ ತಿರುಗುವವರೆಗೂ ಪೆಡಲ್ ತಿರುಗುತ್ತದೆ, ಕಾಲನ್ನೂ ತಿರುಗಿಸುತ್ತದೆ. ಹಲವು ಮಾಡೆಲ್‌ಗಳ ಚಕ್ರ 15–20 ಕೆ.ಜಿ. ತೂಗುತ್ತದೆ, ಅದು ವೇಗದಲ್ಲಿರುವಾಗ ಥಟ್ಟನೆ ಕಾಲು ನಿಲ್ಲಿಸಲು ಹೋದರೆ ಮಂಡಿಗೆ ಏಟು. ನಿಲ್ಲಿಸುವ ದಾರಿ ಒಂದೇ, ನಾಬ್ ಅನ್ನು ಕೆಳಕ್ಕೆ ಒತ್ತಿ ಹಿಡಿಯುವುದು. ಕೆಲವು ಮಾಡೆಲ್‌ನಲ್ಲಿ ಲೋಡಿನ ಲಿವರ್ ಅನ್ನು ಪೂರ್ತಿ ತಳ್ಳಬೇಕು. ಸೈಕಲ್ ಹತ್ತಿದ ಮೊದಲ ನಿಮಿಷದಲ್ಲೇ ನಿಧಾನವಾಗಿ ತುಳಿದು, ಆ ಬ್ರೇಕನ್ನು ಎರಡು ಸಲ ಹಿಡಿದು ನೋಡಿ. ಬ್ರೇಕ್ ಹಿಡಿಯದ ಸೈಕಲ್ ಬೇಡವೇ ಬೇಡ.

ಕೂರುವ ಮೊದಲು ಇನ್ನೆರಡು ಪರೀಕ್ಷೆ. ಹ್ಯಾಂಡಲ್ ಹಿಡಿದು ಅಡ್ಡಕ್ಕೆ ಅಲ್ಲಾಡಿಸಿ. ಕುಂಟಿದರೆ ಅಡಿಯ ಸ್ಕ್ರೂ ಕಾಲನ್ನು ತಿರುಗಿಸಿ ನೆಲಕ್ಕೆ ಕೂರಿಸಬೇಕು. ಆಮೇಲೆ ಪೆಡಲ್‌ಗಳನ್ನು ಕೈಯಲ್ಲಿ ಹಿಡಿದು ಒಳಕ್ಕೆ ಹೊರಕ್ಕೆ ಎಳೆದು ನೋಡಿ. ಎಡ ಪೆಡಲ್‌ನ ಮರೆ (ತಿರುಪಿನ ಸುತ್ತು) ಉಲ್ಟಾ ಇರುತ್ತದೆ, ಎಡಕ್ಕೆ ತಿರುಗಿಸಿದರೆ ಬಿಗಿ. ಇದು ಗೊತ್ತಿಲ್ಲದ ಹುಡುಗರು ಬಲಕ್ಕೆ ತಿರುಗಿಸಿ ಅದನ್ನೇ ಸಡಿಲ ಮಾಡಿಬಿಡುತ್ತಾರೆ. ಸಡಿಲ ಪೆಡಲ್ ಮೇಲೆ ತುಳಿದರೆ ಕ್ರ್ಯಾಂಕಿನ (ಪೆಡಲ್ ಕೂರುವ ತೋಳಿನ) ಮರೆ ಸವೆದು, ಎದ್ದು ನಿಂತು ತುಳಿಯುವಾಗ ಪೆಡಲ್ಲೇ ಕಳಚಿ ಬರುತ್ತದೆ.

ಈಗ ಸೀಟು. ಎತ್ತರದಿಂದ ಶುರುಮಾಡಿ. ಸೈಕಲ್ ಪಕ್ಕ ನೆಟ್ಟಗೆ ನಿಂತು ಸೊಂಟದ ಮೂಳೆಯ ಮೇಲಂಚನ್ನು ಬೆರಳಿನಿಂದ ಮುಟ್ಟಿ. ಸೀಟಿನ ಮೇಲ್ಭಾಗ ಸುಮಾರು ಆ ಮಟ್ಟಕ್ಕೆ ಬರಲಿ. ಇದು ಅಂದಾಜು ಮಾತ್ರ. ಮೇಲೆ ಕೂತು, ಒಂದು ಪೆಡಲ್ ತೀರಾ ಕೆಳಗಿರುವಾಗ ಅದರ ಮೇಲೆ ಹಿಮ್ಮಡಿ ಇಡಿ. ಸೊಂಟ ಒಂದು ಕಡೆಗೆ ವಾಲದೆ ಕಾಲು ಪೂರ್ತಿ ನೆಟ್ಟಗಾದರೆ ಎತ್ತರ ಸರಿ. ನಂತರ ಪಾದದ ಮುಂಭಾಗವನ್ನು, ಅಂದರೆ ಹೆಬ್ಬೆರಳಿನ ಬುಡದ ದಪ್ಪ ಜಾಗವನ್ನು, ಪೆಡಲ್‌ನ ಅಚ್ಚಿನ ಮೇಲೆ ತನ್ನಿ. ಮಂಡಿ 25ರಿಂದ 35 ಡಿಗ್ರಿಯಷ್ಟು ಬಾಗಿರುತ್ತದೆ. ಮೂರು-ನಾಲ್ಕು ಸುತ್ತು ಹಿಂದಿನಿಂದ ಯಾರಾದರೂ ನೋಡಲಿ: ಸೊಂಟ ಎಡಕ್ಕೂ ಬಲಕ್ಕೂ ತೂಗಿದರೆ ಸೀಟು ಎತ್ತರವಾಯಿತು, ಒಂದು ತೂತು ಇಳಿಸಿ.

ಹೊಸಬರು ಸೀಟನ್ನು ತಗ್ಗಿಸಿಕೊಂಡು ಕೂರುವುದೇ ಜಾಸ್ತಿ. ಎರಡೂ ಕಾಲು ನೆಲಕ್ಕೆ ತಾಗಿದರೆ ಧೈರ್ಯ, ರಸ್ತೆಯಲ್ಲಿ ಅದು ಸರಿಯೇ. ಆದರೆ ಇದು ಬೀಳುವ ಸೈಕಲ್ ಅಲ್ಲ. ತಗ್ಗಿದ ಸೀಟಿನಲ್ಲಿ ಪ್ರತಿ ಸುತ್ತಿಗೂ ಮಂಡಿ ವಿಪರೀತ ಮಡಚಿಕೊಂಡು, ಮಂಡಿಚಿಪ್ಪಿನ ಹಿಂದೆ ಒತ್ತಡ ಬೀಳುತ್ತದೆ. ನಿಮಿಷಕ್ಕೆ 80 ಸುತ್ತಿನಂತೆ 45 ನಿಮಿಷಕ್ಕೆ 3,600 ಸಲ. ಮಾರನೇ ದಿನ ಮೆಟ್ಟಿಲು ಇಳಿಯುವಾಗ ‘ಸೈಕ್ಲಿಂಗ್ ನನಗೆ ಆಗಿಬರಲ್ಲ’ ಅನ್ನುವವರಲ್ಲಿ ಎಷ್ಟೋ ಜನರಿಗೆ ಆಗಿಬರದಿರುವುದು ಸೀಟಿನ ಆ ತೂತು.

ಸೀಟಿನ ಕಂಬದ ಮೇಲೆ ‘ಮ್ಯಾಕ್ಸ್’ ಅಥವಾ ‘ಸ್ಟಾಪ್’ ಗೆರೆ ಇರುತ್ತದೆ, ಅದು ಹೊರಗೆ ಕಾಣುವಷ್ಟು ಎತ್ತಬಾರದು. ಪಿನ್ ಎಳೆದು ಕಂಬ ಸರಿಸಿದ ಮೇಲೆ, ಪಿನ್ ತೂತಿಗೆ ಟಕ್ಕೆಂದು ಬೀಳುವ ಸದ್ದು ಕೇಳಬೇಕು. ಸದ್ದಾಗದೆ ನಾಬ್ ಮಾತ್ರ ಬಿಗಿದರೆ ಅರ್ಧ ಕ್ಲಾಸಿನಲ್ಲಿ ಸೀಟು ಜರ್ರನೆ ಕುಸಿಯುತ್ತದೆ.

ಎತ್ತರ ಆದಮೇಲೆ ಹಿಂದು-ಮುಂದು. ಪೆಡಲ್ ಎರಡೂ ನೆಲಕ್ಕೆ ಸಮವಾಗಿ ನಿಲ್ಲಲಿ, ಗಡಿಯಾರದ ಮೂರು-ಒಂಬತ್ತರ ಹಾಗೆ. ಮುಂದಿನ ಕಾಲಿನ ಮಂಡಿಚಿಪ್ಪಿನ ಕೆಳಗಿನ ಗಂಟಿನಿಂದ ದಾರಕ್ಕೆ ನಟ್ಟು ಕಟ್ಟಿ ಇಳಿಬಿಟ್ಟರೆ ಅದು ಪೆಡಲ್‌ನ ಅಚ್ಚಿನ ಮೇಲೆ ಬರಬೇಕು. ದಾರ ಇಲ್ಲದಿದ್ದರೂ ಪಕ್ಕದಿಂದ ಫೋಟೊ ತೆಗೆಸಿದರೆ ತಿಳಿಯುತ್ತದೆ. ಮಂಡಿ ಅಚ್ಚಿಗಿಂತ ಮುಂದೆ ಹೋದರೆ ಸೀಟನ್ನು ಹಿಂದಕ್ಕೆ ತಳ್ಳಿ. ತಳ್ಳಿದ ಮೇಲೆ ಎತ್ತರವನ್ನು ಮತ್ತೊಮ್ಮೆ ಹಿಮ್ಮಡಿ ಇಟ್ಟು ನೋಡಿ, ಯಾಕೆಂದರೆ ಸೀಟು ಹಿಂದೆ ಹೋದಷ್ಟೂ ಪೆಡಲ್ ದೂರವಾಗುತ್ತದೆ. ಸೀಟಿನ ಮೇಲ್ಮೈ ನೆಲಕ್ಕೆ ಸಮವಿರಲಿ. ಮೂತಿ ಮೇಲಿದ್ದರೆ ತೊಡೆಸಂದು ಮರಗಟ್ಟುತ್ತದೆ, ಕೆಳಗಿದ್ದರೆ ಮೈ ಜಾರಿ ಭಾರವೆಲ್ಲ ಅಂಗೈ ಮೇಲೆ ಬೀಳುತ್ತದೆ.

ಹ್ಯಾಂಡಲ್ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳುವುದು ಬೇಡ. ಮೊದಲ ತಿಂಗಳು ಸೀಟಿಗೆ ಸಮ ಅಥವಾ ಒಂದೆರಡು ಇಂಚು ಮೇಲಿರಲಿ. ಬೆನ್ನುನೋವಿನವರಿಗೆ, ಹೊಟ್ಟೆ ದಪ್ಪವಿರುವವರಿಗೆ ಇನ್ನೂ ಮೇಲೆ. ಹಿಡಿದಾಗ ಮೊಣಕೈ ಕೊಂಚ ಬಾಗಿರಬೇಕು, ಭುಜ ಕಿವಿಯ ಹತ್ತಿರ ಏರಬಾರದು. ತೀರಾ ಕೆಳಗಿಟ್ಟುಕೊಂಡು ರೇಸ್ ಸವಾರರ ಹಾಗೆ ಬಗ್ಗುವುದು ಫೋಟೊಗೆ ಚೆಂದ.

ಈ ಜಿಮ್ ಅಂಕ ಕಳೆದುಕೊಳ್ಳುವುದು ಇಲ್ಲಿಯೇ. ಟ್ರೈನರ್ ಒಬ್ಬರು, ಸೈಕಲ್ 12, ಕ್ಲಾಸ್ ಶುರುವಾಗಲು ಐದು ನಿಮಿಷ. ಒಬ್ಬೊಬ್ಬರಿಗೆ ಅರ್ಧ ನಿಮಿಷವೂ ಸಿಗುವುದಿಲ್ಲ. ಸೀಟಿನ ಎತ್ತರ ಮಾತ್ರ ನೋಡಿ ಮುಂದಿನವರ ಬಳಿ ಹೋಗುತ್ತಾರೆ, ಹಿಂದು-ಮುಂದು ಕೇಳುವವರಿಲ್ಲ. ಎರಡು ಸೈಕಲ್‌ಗಳಲ್ಲಿ ಸೀಟನ್ನು ಹಿಂದು-ಮುಂದು ಸರಿಸುವ ಲಿವರ್ ಜಾಮ್ ಆಗಿದೆ. ಬೆವರಿನ ಉಪ್ಪು, ಮಲೆನಾಡಿನ ಥಂಡಿ, ಒರೆಸದ ಕೈ, ಈ ಮೂರೂ ಸೇರಿದರೆ ಬೋಲ್ಟು ತುಕ್ಕು ಹಿಡಿಯಲು ಒಂದು ಮಳೆಗಾಲ ಸಾಕು. ವಾರಕ್ಕೊಮ್ಮೆ ಕಂಬ ಹೊರತೆಗೆದು ಒರೆಸಿ, ಬೋಲ್ಟಿಗೆ ಗ್ರೀಸ್ ಸವರಿದ್ದರೆ ಈ ಮಾತೇ ಬರುತ್ತಿರಲಿಲ್ಲ. ಮೆಚ್ಚಬೇಕಾದ್ದು ಒಂದಿದೆ: ಟ್ರೈನರ್ ಮಂಡಿ, ಪಾದ ಮುಟ್ಟಿ ಸರಿಪಡಿಸುವ ಮೊದಲು ಕೇಳಿಯೇ ಮುಟ್ಟುತ್ತಾರೆ. ಹೆಣ್ಣುಮಕ್ಕಳು ಜಿಮ್ ಆರಿಸುವಾಗ ಇದನ್ನು ಗಮನಿಸಬಹುದು.

ಪೆಡಲ್‌ಗೆ ಎರಡು ಮುಖ. ಒಂದು ಕಡೆ ಪಾದ ಕೂರಿಸಿ ಪಟ್ಟಿ ಬಿಗಿಯುವ ಪಂಜರ, ಇನ್ನೊಂದು ಕಡೆ ಶೂ ಅಡಿಯ ಲೋಹದ ತುಂಡನ್ನು (ಕ್ಲೀಟ್) ಕಚ್ಚಿ ಹಿಡಿಯುವ ಶಿಮಾನೊ ಎಸ್‌ಪಿಡಿ ಕ್ಲಿಪ್. ಮೊದಲ ದಿನ ಪಂಜರವೇ ಸಾಕು. ಪಟ್ಟಿ ಪಾದ ಜಾರದಷ್ಟು ಬಿಗಿ ಇದ್ದರೆ ಆಯಿತು, ಬೆರಳು ಜೋಮು ಹಿಡಿಯುವಷ್ಟು ಬೇಡ. ಓಡುವವರು ಹಾಕುವ ದಪ್ಪ ಮೆತ್ತೆಯ ಶೂ ಇಲ್ಲಿ ಕೆಲಸಕ್ಕೆ ಬಾರದು. ಅಟ್ಟೆ ಪೆಡಲ್ ಮೇಲೆ ಬಾಗುತ್ತದೆ, ಅರ್ಧ ಗಂಟೆಗೆ ಅಂಗಾಲು ಉರಿಯುತ್ತದೆ. ಶಾಲೆಗೆ ಹಾಕುವ ಬಿಳಿ ಕ್ಯಾನ್‌ವಾಸ್ ಶೂನಂಥ ಚಪ್ಪಟೆ, ಗಟ್ಟಿ ರಬ್ಬರ್ ಅಟ್ಟೆಯದೇ ಅದಕ್ಕಿಂತ ವಾಸಿ. ಲೇಸಿನ ಕೊನೆಯನ್ನು ಶೂ ಒಳಗೆ ತುರುಕಲೇಬೇಕು. ಫ್ರೀವೀಲ್ ಇಲ್ಲದ ಕ್ರ್ಯಾಂಕಿಗೆ ಲೇಸು ಸುತ್ತಿಕೊಂಡರೆ ಕಾಲು ಬಿಡಿಸಿಕೊಳ್ಳಲು ಚಕ್ರ ನಿಲ್ಲುವವರೆಗೆ ಕಾಯಬೇಕು. ತಿಂಗಳು ಕಳೆದು ಕ್ಲಿಪ್ ಶೂ ಕೊಳ್ಳುವ ಮನಸ್ಸಾದರೆ, ಎರಡು ಬೋಲ್ಟಿನ ಎಸ್‌ಪಿಡಿ ಕ್ಲೀಟ್ ಕೂರುವ ಶೂ ನೋಡಿ. ಮೂರು ಬೋಲ್ಟಿನ ರೋಡ್ ಶೂ ಈ ಪೆಡಲ್‌ಗೆ ಕೂರುವುದಿಲ್ಲ. ಕ್ಲೀಟ್‌ನಲ್ಲೂ ಎರಡಿವೆ: ಎಸ್‌ಎಚ್51 ಹಿಮ್ಮಡಿಯನ್ನು ಅಡ್ಡಕ್ಕೆ ತಿರುಗಿಸಿದರೆ ಮಾತ್ರ ಬಿಡುತ್ತದೆ, ಎಸ್‌ಎಚ್56 ಹಲವು ದಿಕ್ಕಿಗೆ ಬಿಡುತ್ತದೆ. ಹೊಸಬರಿಗೆ ಎರಡನೆಯದು.

ಬಟ್ಟೆಯಲ್ಲಿ ಸಡಿಲ ಪ್ಯಾಂಟು, ಪೈಜಾಮ, ದುಪಟ್ಟಾ ಬೇಡ. ಮಾಂಗಲ್ಯದ ಸರ ಬಗ್ಗಿದಾಗ ತೂಗಾಡುತ್ತದೆ. ಟಾಪಿನೊಳಗೆ ಹಾಕಿ ಪಿನ್ ಮಾಡಿದರೆ ನೆಮ್ಮದಿ. ಉದ್ದ ಜಡೆಯನ್ನು ಮೇಲೆ ಕಟ್ಟಿ. ಪ್ಯಾಡ್ ಇರುವ ಸೈಕ್ಲಿಂಗ್ ಶಾರ್ಟ್ಸ್‌ಗೆ ದುಡ್ಡು ಹಾಕುವುದು ಶೂಗೆ ಹಾಕುವುದಕ್ಕಿಂತ ಲಾಭ. ಅದರೊಳಗೆ ಒಳಉಡುಪು ಹಾಕಬಾರದು, ಹೊಲಿಗೆ ಉಜ್ಜಿ ಗಾಯವಾಗುತ್ತದೆ. ಮೇಲೆ ಬೇಕಾದರೆ ಟ್ರ್ಯಾಕ್ ಪ್ಯಾಂಟ್ ಹಾಕಿಕೊಳ್ಳಬಹುದು, ಮೈಗೆ ಅಂಟುವಂಥದ್ದಾಗಿರಲಿ. ಸೀಟಿನ ಮೇಲೆ ಜೆಲ್ ಕವರ್ ಹಾಕಿಕೊಳ್ಳುವವರಿದ್ದಾರೆ. ಅದು ಸರಿದಾಡುತ್ತದೆ, ಸೀಟನ್ನೂ ಅಗಲ ಮಾಡುತ್ತದೆ, ಒಳತೊಡೆ ಉಜ್ಜುತ್ತದೆ. ಕೂರುವ ಮೂಳೆಗಳಿಗೆ ಆಗುವ ನೋವು ಮೊದಲ ಮೂರ್ನಾಲ್ಕು ಕ್ಲಾಸಿನಲ್ಲಿ ತಾನಾಗಿ ಕಡಿಮೆಯಾಗುತ್ತದೆ. ಮರಗಟ್ಟುವುದು ಬೇರೆ ವಿಷಯ. ಹಾಗಾದರೆ ತಕ್ಷಣ ಎದ್ದು ನಿಂತು ರಕ್ತ ಓಡಲು ಬಿಡಿ, ಕ್ಲಾಸ್ ಮುಗಿದ ಮೇಲೆ ಸೀಟಿನ ಮೂತಿ ನೋಡಿ.

ಊಟದ ಲೆಕ್ಕ ಸುಲಭ. ಬೆಳಿಗ್ಗೆ 6ರ ಬ್ಯಾಚಿಗೆ ಮುಕ್ಕಾಲು ಗಂಟೆ ಮುಂಚೆ ಎರಡು ಏಲಕ್ಕಿ ಬಾಳೆಹಣ್ಣು. ಕಾಫಿನಾಡಿನಲ್ಲಿ ಕಾಫಿ ಬೇಡ ಎಂದರೆ ಯಾರೂ ಕೇಳುವುದಿಲ್ಲ. ಅರ್ಧ ಲೋಟ ಕುಡಿಯಿರಿ, ಬರೀ ಹೊಟ್ಟೆಗೆ ಮಾತ್ರ ಬೇಡ. ಮುಂದಕ್ಕೆ ಬಗ್ಗಿ ತುಳಿಯುವಾಗ ಹುಳಿತೇಗು ಬರುತ್ತದೆ. ಸಂಜೆ ಬ್ಯಾಚಿನವರು ನಾಲ್ಕು ಗಂಟೆಗೆ ಎರಡು ಇಡ್ಲಿಯೋ ಒಂದು ತಟ್ಟೆ ಅವಲಕ್ಕಿಯೋ ತಿಂದಿದ್ದರೆ ಸಾಕು. ಮಳೆಯ ಸಂಜೆಯ ಬೋಂಡ, ಬೆಣ್ಣೆ ಹಾಕಿದ ಅಕ್ಕಿರೊಟ್ಟಿ ಕ್ಲಾಸ್ ಆದಮೇಲೆ. ಎಣ್ಣೆ-ಬೆಣ್ಣೆ ಹೊಟ್ಟೆಯಲ್ಲಿ ಬಹಳ ಹೊತ್ತು ಕೂರುತ್ತದೆ.

ನೀರಿನ ವಿಷಯದಲ್ಲಿ ಈ ಊರು ಮೋಸ ಮಾಡುತ್ತದೆ. ಊರು ಸಮುದ್ರಮಟ್ಟದಿಂದ ಸುಮಾರು 1,090 ಮೀಟರ್ ಮೇಲಿದೆ, ಹೊರಗೆ ತಣ್ಣಗಿರುತ್ತದೆ, ಬಾಯಾರಿಕೆಯೇ ಆಗುವುದಿಲ್ಲ. ಒಳಗೆ 12 ಜನ, ಮುಚ್ಚಿದ ಕಿಟಕಿ, ಮಳೆಯ ತೇವ. ರಸ್ತೆಯಲ್ಲಿ ಎದುರುಗಾಳಿ ಬೆವರನ್ನು ಆರಿಸುತ್ತದೆ. ಇಲ್ಲಿ ಆರಿಸುವವರಿಲ್ಲ, ಬೆವರು ತೊಟ್ಟಿಕ್ಕುತ್ತದೆ, ಮೈ ಮಾತ್ರ ತಣಿಯುವುದಿಲ್ಲ. ಎರಡು ಗಂಟೆ ಮುಂಚೆ ಅರ್ಧ ಲೀಟರ್ ನೀರು ಕುಡಿದಿರಿ. ಬೆಳಿಗ್ಗೆಯ ಬ್ಯಾಚಿನವರು ಎದ್ದ ಕೂಡಲೇ ಒಂದು ದೊಡ್ಡ ಲೋಟ. ಕ್ಲಾಸಿನೊಳಗೆ ಪ್ರತಿ 15 ನಿಮಿಷಕ್ಕೆ ನಾಲ್ಕೈದು ಗುಟುಕು, ಹೆಚ್ಚುಕಡಿಮೆ 150–200 ಮಿ.ಲೀ. 750 ಮಿ.ಲೀ.ನ ಸಿಪ್ಪರ್ ಬಾಟಲಿ ಸಾಕು. ತಿರುಪಿನ ಮುಚ್ಚಳದ್ದಾದರೆ ಎರಡೂ ಕೈ ಬಿಡಬೇಕಾಗುತ್ತದೆ. 45 ನಿಮಿಷಕ್ಕೆ ಬರೀ ನೀರು ಸಾಲುತ್ತದೆ, ಬಣ್ಣದ ಎನರ್ಜಿ ಡ್ರಿಂಕ್ ಅಗತ್ಯವಿಲ್ಲ. ಮುಗಿದ ಮೇಲೆ ಉಪ್ಪು ಹಾಕಿದ ಮಜ್ಜಿಗೆ. ಟವೆಲ್ ಎರಡು ತನ್ನಿ: ಒಂದು ಹ್ಯಾಂಡಲ್ ಮೇಲೆ ಹೊದಿಸಲು, ಒಂದು ಮುಖಕ್ಕೆ. ಒದ್ದೆ ಹ್ಯಾಂಡಲ್ ಮೇಲೆ ಎದ್ದು ನಿಂತರೆ ಕೈ ಜಾರುತ್ತದೆ.

ಇನ್ನು ಕ್ಲಾಸ್. ಪಾಠದ ಕಟ್ಟು ನಿಜಕ್ಕೂ ಚೆನ್ನಾಗಿದೆ. ಎಂಟು ನಿಮಿಷ ವಾರ್ಮ್‌ಅಪ್, ನಂತರ ಸಮತಟ್ಟು, ಕೂತು ಏರು, ನಿಂತು ಏರು, ನಾಲ್ಕು ಸಲ ಚಿಕ್ಕ ವೇಗದ ಓಟ, ಕೊನೆಗೆ ಐದು ನಿಮಿಷ ಇಳಿಕೆ. ವಾರ್ಮ್‌ಅಪ್ ಅನ್ನು ಎರಡು ನಿಮಿಷಕ್ಕೆ ಮುಗಿಸಿ ಹಾಡಿಗೆ ಹಾರುವ ಕ್ಲಾಸ್‌ಗಳಿಗಿಂತ ಇದು ಎಷ್ಟೋ ಮೇಲು. ಟ್ರೈನರ್ ‘ಲೋಡು ಕಾಲು ಸುತ್ತು’ ಎಂದು ಸ್ಪಷ್ಟವಾಗಿ ಹೇಳುತ್ತಾರೆ, ಎಷ್ಟು ಹೊತ್ತು ಎನ್ನುವುದನ್ನೂ ಮೊದಲೇ ಹೇಳುತ್ತಾರೆ.

ತುಳಿತದ ವೇಗ ಎಣಿಸಲು ಮೀಟರ್ ಬೇಕಿಲ್ಲ. ಬಲ ಮಂಡಿ ಮೇಲೆ ಬಂದದ್ದನ್ನು 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿ. 20 ಬಂದರೆ ನಿಮಿಷಕ್ಕೆ 80. ಸಮತಟ್ಟಿಗೆ 80–110, ಏರಿಗೆ 60–80 ಎಂಬುದು ರೂಢಿಯ ಮಿತಿ. ಹೊಸಬರು ಸಮತಟ್ಟಿನಲ್ಲಿ 90 ದಾಟದಿರುವುದು ಒಳ್ಳೆಯದು. ಲೋಡಿಲ್ಲದೆ 120ಕ್ಕೆ ತುಳಿದರೆ ಕಾಲು ಚಕ್ರವನ್ನು ತಿರುಗಿಸುತ್ತಿಲ್ಲ, ಚಕ್ರವೇ ಕಾಲನ್ನು ತಿರುಗಿಸುತ್ತಿದೆ. ಕುಂಡೆ ಸೀಟಿನ ಮೇಲೆ ಕುಪ್ಪಳಿಸತೊಡಗಿದರೆ ಅದೇ ಗುರುತು, ಲೋಡು ಏರಿಸಿ. ಉಲ್ಟಾ ತಪ್ಪೂ ಇದೆ: 50ಕ್ಕಿಂತ ಕೆಳಗಿಳಿದು, ಭುಜ ಅಲ್ಲಾಡಿಸಿ, ಗಾಡಿ ಎಳೆಯುವ ಎತ್ತಿನ ಹಾಗೆ ತುಳಿಯುವುದು. ಅದರ ಭಾರ ಮಂಡಿಗೆ. ಪಾದಕ್ಕೆ ಒತ್ತಲು ಏನೋ ಸಿಕ್ಕಿದೆ ಅನಿಸುವಷ್ಟು ಲೋಡು ಯಾವಾಗಲೂ ಇರಲಿ, ಇಳಿಜಾರು ಎಂದು ಟ್ರೈನರ್ ಕೂಗಿದಾಗಲೂ.

ಎದ್ದು ನಿಂತು ತುಳಿಯುವುದು ಮೊದಲ ದಿನ ಕಡ್ಡಾಯವಲ್ಲ. ಟ್ರೈನರ್ ಹಾಗೆ ಹೇಳುವುದಿಲ್ಲ, ಎಲ್ಲರೂ ಎದ್ದಾಗ ಕೂತಿರುವುದಕ್ಕೆ ಸಂಕೋಚವೂ ಆಗುತ್ತದೆ. ಆದರೂ ಕೂತಿರಿ. ಏಳುವುದಾದರೆ ಮೊದಲು ಲೋಡು ಒಂದು ಸುತ್ತಿನಷ್ಟು ಹೆಚ್ಚಿಸಿ, ವೇಗ 70ಕ್ಕೆ ಇಳಿಸಿ, ಆಮೇಲೆ ಏಳಿ. ಸೊಂಟ ಸೀಟಿನ ಮೂತಿಯ ಮೇಲೆಯೇ ಇರಬೇಕು, ಭಾರ ಕಾಲಿನ ಮೇಲೆ. ಹ್ಯಾಂಡಲ್ ಮೇಲಿನ ಕೈ ಬೆರಳಿಂದ ಪಿಯಾನೊ ನುಡಿಸುವಷ್ಟು ಹಗುರವಾಗಿರಲಿ. 20–30 ಸೆಕೆಂಡು ಸಾಕು. ಲೋಡು ಹೆಚ್ಚಿಸದೆ ಎದ್ದರೆ ಪೆಡಲ್ ಕಾಲಡಿಯಿಂದ ಜಾರಿದಂತಾಗಿ ಮುಗ್ಗರಿಸುವಿರಿ.

ಎಷ್ಟು ಶ್ರಮ ಸರಿ ಎಂಬುದಕ್ಕೆ ಮಾತಿನ ಪರೀಕ್ಷೆಯೇ ಒಳ್ಳೆಯ ಮೀಟರ್. ತುಳಿಯುತ್ತ ಒಂದು ಪೂರ್ತಿ ವಾಕ್ಯ ಹೇಳಲು ಬರಬೇಕು, ಹಾಡು ಹಾಡಲು ಬರಬಾರದು. ಕೈಗೆ ವಾಚ್ ಕಟ್ಟಿದವರು ಹೃದಯದ ಗರಿಷ್ಠ ಬಡಿತ ತಿಳಿಯಲು 220ರಿಂದ ವಯಸ್ಸು ಕಳೆಯುತ್ತಾರೆ. 208ರಿಂದ ವಯಸ್ಸಿನ 0.7 ಪಾಲು ಕಳೆಯುವ ಇನ್ನೊಂದು ಸೂತ್ರವೂ ಇದೆ. 40ರವರಿಗೆ ಎರಡೂ 180ನ್ನೇ ಕೊಡುತ್ತವೆ, 60ರವರಿಗೆ ಒಂದು 160 ಎಂದರೆ ಇನ್ನೊಂದು 166 ಎನ್ನುತ್ತದೆ. ಎರಡೂ ಸರಾಸರಿ, ನಿಮ್ಮ ಹೃದಯ ಅದಕ್ಕಿಂತ ಹತ್ತು ಬಡಿತ ಆಚೀಚೆ ಇರಬಹುದು. ಬಿ.ಪಿ.ಗೆ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರಿಗಂತೂ ಈ ಅಂಕೆಗಳು ಅನ್ವಯಿಸುವುದೇ ಇಲ್ಲ. ಆ ಮಾತ್ರೆ ಬಡಿತವನ್ನು ಏರಲು ಬಿಡುವುದಿಲ್ಲ.

ಕನ್ಸೋಲ್ ತೋರಿಸುವ ಕ್ಯಾಲೊರಿಯನ್ನು ನಂಬಬೇಡಿ. ಹಳೆಯ ಸೈಕಲ್‌ನ ಡಬ್ಬಿ ನಿಮ್ಮ ತೂಕವನ್ನೂ ಕೇಳುವುದಿಲ್ಲ, ಲೋಡನ್ನೂ ಅಳೆಯುವುದಿಲ್ಲ, ಚಕ್ರದ ಸುತ್ತು ಎಣಿಸಿ ಗುಣಾಕಾರ ಮಾಡುತ್ತದೆ. ‘45 ನಿಮಿಷಕ್ಕೆ 600 ಕ್ಯಾಲೊರಿ’ ಎಂಬ ಗೋಡೆಬರಹವನ್ನು ಲೆಕ್ಕ ಹಾಕಿ ನೋಡೋಣ. ಹೊಸಬರು ಸರಾಸರಿ 90 ವ್ಯಾಟ್ ತುಳಿದರೆ 45 ನಿಮಿಷಕ್ಕೆ 243 ಕಿಲೋಜೂಲ್ ಕೆಲಸವಾಗುತ್ತದೆ. ಒಂದು ಕಿಲೋಕ್ಯಾಲೊರಿ ಎಂದರೆ 4.18 ಕಿಲೋಜೂಲ್, ಆದರೆ ಮೈ ಉರಿಸಿದ ಶಕ್ತಿಯಲ್ಲಿ ಕಾಲು ಭಾಗದಷ್ಟೇ ಪೆಡಲ್‌ಗೆ ಬರುವುದರಿಂದ, ಕಿಲೋಜೂಲ್ ಅಂಕೆಯೇ ಹೆಚ್ಚುಕಡಿಮೆ ಖರ್ಚಾದ ಕಿಲೋಕ್ಯಾಲೊರಿ. ಅಂದರೆ ಸುಮಾರು 240. 600 ಬರಬೇಕಾದರೆ ಮುಕ್ಕಾಲು ಗಂಟೆ 220 ವ್ಯಾಟ್ ಬಿಡದೆ ತುಳಿಯಬೇಕು, ಅದು ಮುಳ್ಳಯ್ಯನಗಿರಿ ಹತ್ತಿ ಪಳಗಿದ ತೊಡೆಗೂ ಹಗುರದ ಕೆಲಸವಲ್ಲ. ಗೋಡೆಬರಹಕ್ಕೆ ಅರ್ಧ ಅಂಕ ಕಡಿತ.

ನೋವು ಎಲ್ಲಿ ಬಂತು ಎಂಬುದೇ ತಪ್ಪು ಎಲ್ಲಿದೆ ಎಂದು ಹೇಳುತ್ತದೆ. ಮಂಡಿಯ ಮುಂದೆ ನೋವಾದರೆ ಸೀಟು ತಗ್ಗಿದೆ ಅಥವಾ ತೀರಾ ಮುಂದಿದೆ, ಇಲ್ಲವೇ ಲೋಡು ಹೆಚ್ಚಾಗಿದೆ. ಮಂಡಿಯ ಹಿಂದೆಯಾದರೆ ಸೀಟು ಎತ್ತರ. ಅಂಗೈ ಜೋಮು ಹಿಡಿದರೆ ಭಾರವೆಲ್ಲ ಕೈ ಮೇಲಿದೆ. ಸೊಂಟ, ಕುತ್ತಿಗೆ ಹಿಡಿದರೆ ಹ್ಯಾಂಡಲ್ ದೂರ ಅಥವಾ ಕೆಳಗೆ. ತೊಡೆಯ ಸ್ನಾಯುವಿನ ಸಾಧಾರಣ ನೋವು ಮಾರನೇ ದಿನ ಶುರುವಾಗಿ, ಎರಡು-ಮೂರನೇ ದಿನಕ್ಕೆ ಏರಿ ಇಳಿಯುತ್ತದೆ. ಅದಕ್ಕೆ ನಡೆದಾಡುವುದೇ ಮದ್ದು. ಮೊದಲೆರಡು ಕ್ಲಾಸ್‌ಗಳ ನಡುವೆ 48 ಗಂಟೆಯಾದರೂ ಬಿಡಿ.

ಸಾಧಾರಣವಲ್ಲದ ನೋವು ಒಂದಿದೆ, ಇದನ್ನು ಈ ಜಿಮ್‌ನಲ್ಲಿ ಯಾರೂ ಹೇಳುವುದಿಲ್ಲ. ರೂಢಿಯಿಲ್ಲದ ತೊಡೆಯನ್ನು ಮೊದಲ ಕ್ಲಾಸಿನಲ್ಲೇ ಮಿತಿಮೀರಿ ದುಡಿಸಿದರೆ ಸ್ನಾಯುವಿನ ಕೋಶಗಳು ಒಡೆದು, ಒಳಗಿನ ಮಯೋಗ್ಲೋಬಿನ್ ಎಂಬ ಪ್ರೋಟೀನ್ ರಕ್ತಕ್ಕೆ ಸೇರಿ ಮೂತ್ರಪಿಂಡವನ್ನು ಕೆಡಿಸಬಹುದು. ರ‍್ಯಾಬ್ಡೊಮಯೋಲಿಸಿಸ್ ಎಂದು ಹೆಸರು. ಅಪರೂಪ, ಆದರೆ ಮೊದಲ ಸ್ಪಿನ್ ಕ್ಲಾಸ್ ಮುಗಿಸಿ ಆಸ್ಪತ್ರೆ ಸೇರಿದವರ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಬೇರೆ ಆಟ ಆಡಿ ಗಟ್ಟಿಯಾದ ಹುಡುಗ ಹುಡುಗಿಯರಿಗೂ ಆಗುತ್ತದೆ. ದಮ್ಮು ಇರುವುದರಿಂದಲೇ ತೊಡೆ ಬೇಡವೆಂದರೂ ಅವರು ನಿಲ್ಲಿಸುವುದಿಲ್ಲ. ಒಂದರಿಂದ ಮೂರು ದಿನದೊಳಗೆ ತೊಡೆ ಊದಿ ಗಟ್ಟಿಯಾದರೆ, ಕಾಲು ಮಡಚಲಾಗದಷ್ಟು ನೋವಾದರೆ, ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ ‘ಸಿಕೆ’ (ಕ್ರಿಯಾಟಿನ್ ಕೈನೇಸ್) ರಕ್ತಪರೀಕ್ಷೆ ಕೇಳಿ. ಮನೆಯಲ್ಲಿರುವ ಐಬುಪ್ರೊಫೆನ್ ನುಂಗಿ ಮಲಗಬೇಡಿ, ಅದು ಮೂತ್ರಪಿಂಡಕ್ಕೆ ಇನ್ನಷ್ಟು ಹೊರೆ. ತಡೆಯುವ ದಾರಿ ಸುಲಭ: ಮೊದಲ ದಿನ 25 ನಿಮಿಷಕ್ಕೆ ಇಳಿದುಬಿಡಿ, ಅಥವಾ 45 ನಿಮಿಷವೂ ಟ್ರೈನರ್ ಹೇಳಿದ ಲೋಡಿನ ಅರ್ಧಕ್ಕೆ ತುಳಿಯಿರಿ. ಜ್ವರ ಬಿಟ್ಟು ಎರಡೇ ದಿನವಾಗಿರುವವರು ಅದನ್ನೂ ಮಾಡಬೇಡಿ. ಮಳೆಗಾಲದಲ್ಲಿ ಊರಲ್ಲಿ ಹಬ್ಬುವ ಜ್ವರಗಳ ಮೇಲೆ ಸೈಕಲ್ ತುಳಿದು ಗೆದ್ದವರಿಲ್ಲ.

ಹೃದಯದ ತೊಂದರೆ, ಹತೋಟಿಗೆ ಬಾರದ ಬಿ.ಪಿ., ಇತ್ತೀಚೆಗೆ ಮಂಡಿ ಆಪರೇಷನ್ ಆದವರು, ಗರ್ಭಿಣಿಯರು ವೈದ್ಯರನ್ನು ಕೇಳಿಯೇ ಹತ್ತಬೇಕು. ಇನ್ಸುಲಿನ್ ತೆಗೆದುಕೊಳ್ಳುವವರು ಹತ್ತುವ ಮೊದಲು ಸಕ್ಕರೆ ನೋಡಿಕೊಳ್ಳಿ, ಡೆಸಿಲೀಟರ್‌ಗೆ 90 ಮಿ.ಗ್ರಾಂ.ಗಿಂತ ಕಡಿಮೆಯಿದ್ದರೆ ಏನಾದರೂ ತಿನ್ನದೆ ಶುರು ಮಾಡಬೇಡಿ, ಗ್ಲೂಕೋಸ್ ಕೈಗೆಟುಕುವಂತೆ ಇಟ್ಟುಕೊಳ್ಳಿ. ಜಿಮ್‌ನ ಫಾರಂನಲ್ಲಿ ಇವನ್ನೆಲ್ಲ ಕೇಳುವ ಕಾಲಂ ಇದೆ, ಓದುವವರು ಇದ್ದಾರೋ ಇಲ್ಲವೋ ಎಂಬಂತಿದೆ. ಟ್ರೈನರ್‌ಗೆ ಬಾಯಿಬಿಟ್ಟು ಹೇಳಿ.

ಹಾಲ್ ಬಗ್ಗೆ ಎರಡು ದೂರು. ಫ್ಯಾನ್ ಎರಡೇ, ಎರಡೂ ಮುಂದಿನ ಸಾಲಿಗೆ. ಹಿಂದಿನ ಸಾಲಿನ ಬಾಗಿಲ ಪಕ್ಕದ ಸೈಕಲ್ ಹೊಸಬರಿಗೆ ಒಳ್ಳೆಯ ಜಾಗ: ಗಾಳಿ ಬರುತ್ತದೆ, ಮುಂದಿನವರ ಕಾಲು ನೋಡಿ ಕಲಿಯಬಹುದು, ಸುಸ್ತಾದರೆ ಸದ್ದಿಲ್ಲದೆ ಇಳಿಯಬಹುದು. ಎರಡನೆಯದು ಹಾಡಿನ ಅಬ್ಬರ. ದಿನಕ್ಕೆ ಎಂಟು ಗಂಟೆ ಕೇಳಲು 85 ಡೆಸಿಬೆಲ್ ಮಿತಿ. ಮೂರು ಡೆಸಿಬೆಲ್ ಏರಿದಂತೆಲ್ಲ ಆ ಸಮಯ ಅರ್ಧವಾಗುತ್ತ ಹೋಗಿ 94ಕ್ಕೆ ಒಂದು ಗಂಟೆ, 100ಕ್ಕೆ ಕಾಲು ಗಂಟೆ ಉಳಿಯುತ್ತದೆ. ಮೊಬೈಲ್ ಆ್ಯಪ್‌ನಲ್ಲಿ ಅಳೆದು ನೋಡಬಹುದು. ಸ್ಪೀಕರ್ ಪಕ್ಕದ ಸೈಕಲ್ ಬಿಡಿ, ಅಥವಾ ಮೆಡಿಕಲ್ ಶಾಪಿನಲ್ಲಿ ಸಿಗುವ ಫೋಮ್ ಇಯರ್‌ಪ್ಲಗ್ ಹಾಕಿ. ಹತ್ತಿ ತುರುಕಿದರೆ ಪ್ರಯೋಜನ ಅಷ್ಟಕ್ಕಷ್ಟೇ. ಮೆಸ್ಕಾಂ ಕರೆಂಟು ಹೋದಾಗ ಮಾತ್ರ ಈ ಸೈಕಲ್‌ಗಳ ಗುಣ ಗೊತ್ತಾಗುತ್ತದೆ. ಟ್ರೆಡ್‌ಮಿಲ್‌ಗಳೆಲ್ಲ ಸತ್ತು ನಿಲ್ಲುತ್ತವೆ, ಇವು ತಿರುಗುತ್ತಲೇ ಇರುತ್ತವೆ. ಹಾಡಿಲ್ಲದ ಆ ಹತ್ತು ನಿಮಿಷದಲ್ಲಿ ಟ್ರೈನರ್ ಬಾಯಲ್ಲೇ ಎಣಿಸಿ ನಡೆಸಿದ ಪಾಠ ಇಡೀ ಕ್ಲಾಸಿನಲ್ಲೇ ಅತ್ಯುತ್ತಮ.

ಮುಗಿದ ಮೇಲೆ ಚಕ್ರ ಪೂರ್ತಿ ನಿಂತ ಮೇಲೆಯೇ ಕಾಲು ಬಿಡಿಸಿ ಇಳಿಯಿರಿ. ಹ್ಯಾಂಡಲ್, ಸೀಟು, ನಾಬಿನ ಬುಡ ಒರೆಸಿ. ಸೀಟಿನ ಎತ್ತರದ ಅಂಕೆ, ಹಿಂದು-ಮುಂದಿನ ಅಕ್ಷರ, ಹ್ಯಾಂಡಲ್‌ನ ಅಂಕೆ, ಸೈಕಲ್ ನಂಬರ್, ನಾಲ್ಕನ್ನೂ ಫೋಟೊ ತೆಗೆದಿಟ್ಟುಕೊಳ್ಳಿ. ಬೇರೆ ಮಾಡೆಲ್ ಸೈಕಲ್‌ಗೆ ಹೋದರೆ ಆ ಅಂಕೆ ನಡೆಯುವುದಿಲ್ಲ, ಮತ್ತೆ ಹಿಮ್ಮಡಿಯಿಂದಲೇ ಶುರು. ಫೀಸಿನ ವಿಷಯಕ್ಕೆ ಬಂದರೆ, ಕೌಂಟರಿನಲ್ಲಿ ವರ್ಷದ ಪ್ಯಾಕೇಜನ್ನೇ ಮುಂದಿಡುತ್ತಾರೆ. ಕೇಳಿದರೆ ಒಂದು ತಿಂಗಳದ್ದೂ ಇದೆ. ಜೂನ್‌ನಲ್ಲಿ ಒಂದು ತಿಂಗಳದ್ದನ್ನು ಕಟ್ಟಿ, ಜಾಮ್ ಆದ ಆ ಎರಡು ಲಿವರ್ ಬಿಚ್ಚಿಸಿದರೋ ನೋಡಿ, ಆಮೇಲೆ ಮುಂದಿನ ಮೂರು ತಿಂಗಳದ್ದು.